ಕೋಚ್ ಕೂಗಾಡುವಾಗ ರೆಫರಿ ಏನು ಮಾಡಬೇಕು

ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಸೀಟಿ ಹಿಡಿದ ಮೊದಲ ವರ್ಷ ನಾನು ನಿಯಮ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಕೋಚ್ ಒಬ್ಬರು ಎದುರಿಗೆ ಬಂದು ಕೂಗಿದಾಗ ಅದರ ಒಂದು ಸಾಲೂ ನೆನಪಾಗಲಿಲ್ಲ. ವಾಹನ ತಡೆಯುವ ಪೊಲೀಸಿನಂತೆ ಅಂಗೈಯನ್ನು ಅವರ ಮುಖದೆದುರು ಎತ್ತಿ ಹಿಡಿದೆ. ಅಲ್ಲಿಯವರೆಗೆ ಟ್ರಾವೆಲಿಂಗ್ (ಚೆಂಡನ್ನು ಪುಟಿಸದೆ ಹೆಚ್ಚು ಹೆಜ್ಜೆ ಇಡುವ ತಪ್ಪು) ಬಗ್ಗೆ ಇದ್ದ ಜಗಳ ಆ ಕ್ಷಣದಿಂದ ನನ್ನ ಅಂಗೈ ಬಗ್ಗೆ ಆಯಿತು. ಹೊಸ ರೆಫರಿಗಳಿಗೆ ಹೇಳಿಕೊಡುವಾಗ ಈಗಲೂ ನಾನು ಕೈಯಿಂದಲೇ ಶುರುಮಾಡುತ್ತೇನೆ. ಕೋಚ್ ಜೊತೆ ಮಾತನಾಡುವಾಗ ಕೈಗಳು ಬೆನ್ನ ಹಿಂದಿರಲಿ, ಇಲ್ಲವೇ ಚೆಂಡು ಹಿಡಿದಿರಲಿ. ಬೆರಳು ತೋರಿಸುವುದಂತೂ ಬೇಡವೇ ಬೇಡ.

ನಿಲ್ಲುವ ರೀತಿಯೂ ಮಾತಿನಷ್ಟೇ ಮುಖ್ಯ. ಮುಖಾಮುಖಿ ನಿಂತರೆ ನೋಡುವವರಿಗೆ ಅದು ಕಾಳಗ. ಕೋಚ್ ಪಕ್ಕಕ್ಕೆ ಹೋಗಿ, ಇಬ್ಬರೂ ಅಂಕಣದ ಕಡೆ ಮುಖ ಮಾಡಿ ನಿಂತರೆ ಅದೇ ಮಾತು ಸಮಾಲೋಚನೆಯಂತೆ ಕಾಣುತ್ತದೆ. ಜನರ ಕಣ್ಣಿಗೆ ಜಗಳ ಕಾಣದಿದ್ದಾಗ ಕೋಚ್‌ಗೂ ಜನರಿಗಾಗಿ ಅಭಿನಯಿಸಬೇಕಾದ ಒತ್ತಡ ಇಳಿಯುತ್ತದೆ. ಹೌದು, ಕೂಗಾಟದ ಅರ್ಧ ಪಾಲು ಅಭಿನಯವೇ. ತನ್ನ ಆಟಗಾರರಿಗೆ 'ನಿಮ್ಮ ಪರ ನಾನಿದ್ದೇನೆ' ಎಂದು ತೋರಿಸಲು ಕೂಗುವವರು ಬಹಳ. ಅಂಥವರಿಗೆ ನಿಮ್ಮ ಉತ್ತರವೇ ಬೇಕಾಗಿರುವುದಿಲ್ಲ.

ಆದ್ದರಿಂದ ಬಾಯಿ ತೆರೆಯುವ ಮೊದಲು, ಅವರು ಏನನ್ನು ಕುರಿತು ಮಾತನಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ. 'ಅದು ಹೇಗೆ ಬ್ಲಾಕಿಂಗ್ (ಎದುರಾಳಿಗೆ ಅಕ್ರಮವಾಗಿ ಅಡ್ಡ ಬರುವ ತಪ್ಪು) ಆಯಿತು?' ಎಂಬುದು ಪ್ರಶ್ನೆ. ಒಂದು ವಾಕ್ಯದ ಉತ್ತರ ಕೊಡಿ. 'ಮೂರು ಸೆಕೆಂಡ್, ಮೂರು ಸೆಕೆಂಡ್!' (ಎದುರಾಳಿ ಬುಟ್ಟಿಯ ಕೆಳಗಿನ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತ ಎಂಬ ದೂರು) ಎಂಬುದು ಪ್ರಶ್ನೆಯಲ್ಲ, ಆಟದ ಸದ್ದು. ಕಿವಿಯ ಪಕ್ಕ ಹಾದುಹೋಗಲಿ. 'ನೀನು ಯಾರಿಂದ ದುಡ್ಡು ತಿಂದಿದ್ದೀಯ?' ಎಂಬುದು ಇವೆರಡೂ ಅಲ್ಲ. ಮಾತು ತೀರ್ಪನ್ನು ಬಿಟ್ಟು ನಿಮ್ಮ ಮೇಲೆ ಬಿದ್ದ ಕ್ಷಣವೇ ಗೆರೆ ದಾಟಿದಂತೆ. ನಮ್ಮ ಭಾಷೆಯಲ್ಲಿ ಈ ಗೆರೆ ಕಿವಿಗೇ ಕೇಳಿಸುತ್ತದೆ: ಅಷ್ಟು ಹೊತ್ತು 'ನೀವು' ಎನ್ನುತ್ತಿದ್ದವರು ಥಟ್ಟನೆ 'ನೀನು' ಎಂದರೆ ಏನೋ ಕಳಚಿದೆ ಎಂದರ್ಥ. ಎಲ್ಲರನ್ನೂ ಏಕವಚನದಲ್ಲೇ ಕರೆಯುವ ಹಿರಿಯ ಕೋಚ್‌ಗಳೂ ಇದ್ದಾರೆ. ಅವರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅವರು ಬಹುವಚನಕ್ಕೆ ಏರಿದಾಗಲೇ ನಾನು ಹುಷಾರಾಗುತ್ತೇನೆ.

ಉತ್ತರ ಕೊಡುವಾಗ ಕಂಡದ್ದನ್ನು ಮಾತ್ರ ಹೇಳಿ. 'ರಕ್ಷಕ ಇನ್ನೂ ಪಕ್ಕಕ್ಕೆ ಸರಿಯುತ್ತಿದ್ದ, ತಾಗಿದ್ದು ತೊಡೆಗೆ, ಎದೆಗಲ್ಲ.' ಇಷ್ಟು ಸಾಕು. 'ನಿಯಮದ ಪ್ರಕಾರ...' ಎಂದು ಪಾಠ ಶುರುಮಾಡಿದರೆ ಕೋಚ್ ಕೂಡ ಪಾಠ ಶುರುಮಾಡುತ್ತಾರೆ, ಅವರಿಗೂ ನಿಯಮ ಗೊತ್ತು. ನಿಮಗೆ ಕಾಣದಿದ್ದರೆ, 'ಆ ಕೋನದಿಂದ ನನಗೆ ಕಾಣಲಿಲ್ಲ, ನನ್ನ ಜೊತೆಗಾರರನ್ನು ಕೇಳುತ್ತೇನೆ' ಎನ್ನಿ. ತಪ್ಪಾಗಿದ್ದರೆ ಒಪ್ಪಿಕೊಳ್ಳಿ. ಒಮ್ಮೆ ಚೆಂಡು ಯಾರಿಗೆ ತಾಗಿ ಹೊರಹೋಯಿತು ಎಂಬುದನ್ನು ತಪ್ಪಾಗಿ ಹೇಳಿ, ಎರಡು ನಿಮಿಷದ ನಂತರ ಬೆಂಚ್ ಪಕ್ಕ ಹಾದುಹೋಗುವಾಗ 'ಅದು ನನ್ನ ತಪ್ಪು' ಎಂದೆ. ಬೈಗುಳ ಸಿದ್ಧ ಮಾಡಿಟ್ಟುಕೊಂಡಿದ್ದ ಆ ಕೋಚ್ ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಆದರೆ ಒಂದು ಪಂದ್ಯದಲ್ಲಿ ಈ ಮದ್ದು ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಎರಡನೆಯ ಸಲ ಹೇಳಿದರೆ, 'ಹಾಗಾದರೆ ಇಲ್ಲಿಗೇಕೆ ಬಂದಿರಿ?' ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಟೈಮ್‌ಔಟ್‌ನಲ್ಲಿ ವಿವರಣೆ ಕೊಡಲು ನೀವಾಗಿ ಬೆಂಚ್‌ಗೆ ಹೋಗಬೇಡಿ. ನಾನು ಒಳ್ಳೆಯವನಾಗಲು ಹೋಗಿ ಹೀಗೆ ಒಮ್ಮೆ ಸಿಕ್ಕಿಬಿದ್ದೆ. ಟೈಮ್‌ಔಟ್ ಇರುವುದೇ ಒಂದು ನಿಮಿಷ. ಅದರಲ್ಲಿ ಅರ್ಧ ನನ್ನೊಡನೆ ವಾದಕ್ಕೇ ಹೋಯಿತು. ಆ ಮೇಲೆ ಪಂದ್ಯವಿಡೀ, ನಾನು ಅವರ ಟೈಮ್‌ಔಟ್ ನುಂಗಿದೆ ಎಂಬುದೇ ಹೊಸ ದೂರು.

ಸಹಾಯಕ ಕೋಚ್‌ಗಳ ವಿಷಯ ಬೇಗ ಮುಗಿಯುತ್ತದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಲ್ಲಿ ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ, ಇಬ್ಬರಲ್ಲಿ ಒಬ್ಬರು ಮಾತ್ರ ಒಂದು ಹೊತ್ತಿಗೆ ನಿಂತಿರಬಹುದು. ಸಹಾಯಕರು ರೆಫರಿಯೊಡನೆ ಮಾತನಾಡುವಂತಿಲ್ಲ. ಅವರಿಗೆ ನೇರ ಉತ್ತರ ಕೊಡದೆ ಮುಖ್ಯ ಕೋಚ್‌ಗೆ, 'ನಿಮ್ಮವರನ್ನು ನೀವೇ ಕೂರಿಸಿ' ಎನ್ನಿ. ಬಹುತೇಕ ಕೋಚ್‌ಗಳು ಕೂರಿಸುತ್ತಾರೆ, ಏಕೆಂದರೆ ಬೆಂಚ್ ಮಾಡಿದ ತಪ್ಪೂ ಬರೆಯಲ್ಪಡುವುದು ಅವರ ಹೆಸರಿನ ಎದುರಿಗೇ.

ಎಚ್ಚರಿಕೆ ಕೊಡುವುದಾದರೆ ಚೆಂಡು ಆಟದಲ್ಲಿಲ್ಲದಾಗ, ಗಡಿಯಾರ ನಿಂತಿರುವಾಗ, ತಗ್ಗಿದ ದನಿಯಲ್ಲಿ, ಒಂದೇ ಸಲ ಕೊಡಿ: 'ಕೋಚ್, ನಿಮ್ಮ ಮಾತು ಕೇಳಿಸಿತು. ಇದರ ಬಗ್ಗೆ ಇನ್ನು ಮಾತಿಲ್ಲ.' ಜೊತೆಗಾರ ರೆಫರಿಗಳಿಗೂ ಆಗಲೇ ತಿಳಿಸಿ. ಇಲ್ಲದಿದ್ದರೆ ಮೂವರೂ ಒಂದೊಂದು ಎಚ್ಚರಿಕೆ ಕೊಟ್ಟು, ಕೋಚ್‌ಗೆ ಮೂರು ಅವಕಾಶ ಸಿಕ್ಕಂತಾಗುತ್ತದೆ. ತಂಡದ ನಾಯಕನಿಗೂ ಒಂದು ಮಾತು ಹೇಳುವುದು ನನ್ನ ರೂಢಿ. ಕೋಚ್‌ನ ತೋಳು ಹಿಡಿದು ಕೂರಿಸುವ ಅಧಿಕಾರ ನನಗಿಲ್ಲ, ನಾಯಕನಿಗೆ ಆ ಸಲಿಗೆ ಇರುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ ಟೆಕ್ನಿಕಲ್ ಫೌಲ್, ಅಂದರೆ ನಡತೆಯ ತಪ್ಪಿಗೆ ಕೊಡುವ ಫೌಲ್. ಕೆಲವಕ್ಕೆ ಎಚ್ಚರಿಕೆಯೂ ಬೇಡ: ಇಡೀ ಅಂಕಣ ನೋಡುತ್ತಿರುವಾಗ ಕ್ಲಿಪ್‌ಬೋರ್ಡನ್ನು ನೆಲಕ್ಕೆ ಅಪ್ಪಳಿಸಿದವರನ್ನು ನೀವು ಬಿಟ್ಟರೆ ಎದುರು ತಂಡದ ಬೆಂಚ್ ನಿಮ್ಮನ್ನು ಬಿಡುವುದಿಲ್ಲ. ಶಿಕ್ಷೆ ದೊಡ್ಡದೇನಲ್ಲ. ಎದುರಾಳಿಗೆ ಒಂದು ಫ್ರೀ ಥ್ರೋ (ಯಾರೂ ತಡೆಯದೆ ಬುಟ್ಟಿಗೆ ಎಸೆಯುವ ಅವಕಾಶ), ಪುಟಿದು ಬರುವ ಚೆಂಡಿಗಾಗಿ ಯಾರೂ ಸಾಲುಗಟ್ಟುವುದಿಲ್ಲ, ನಂತರ ಆಟ ನಿಂತಲ್ಲಿಂದ ಮುಂದುವರಿಯುತ್ತದೆ. ಕೋಚ್‌ನ ಸ್ವಂತ ನಡತೆಗಾದರೆ ಸ್ಕೋರ್‌ಶೀಟಿನಲ್ಲಿ 'ಸಿ', ಬೆಂಚ್‌ನವರಿಗಾಗಿ ಆದರೆ 'ಬಿ'. ಎರಡು 'ಸಿ' ಆದರೆ ಕೋಚ್ ಹೊರಕ್ಕೆ. 'ಬಿ'ಗಳೂ ಸೇರಿ ಒಟ್ಟು ಮೂರಾದರೂ ಹೊರಕ್ಕೆ. ಹೊರಹಾಕಲ್ಪಟ್ಟವರು ಡ್ರೆಸಿಂಗ್ ಕೋಣೆಗೆ ಹೋಗಬೇಕು ಅಥವಾ ಕಟ್ಟಡವನ್ನೇ ಬಿಡಬೇಕು. ಪ್ರೇಕ್ಷಕರ ನಡುವೆ ಕೂರಲು ಅವಕಾಶವಿಲ್ಲ.

ಕೊಡುವ ರೀತಿಯನ್ನು ಮಾತ್ರ ಅಭ್ಯಾಸ ಮಾಡಲೇಬೇಕು. ನಾನು ಮೊದಲ ಟೆಕ್ನಿಕಲ್ ಕೊಟ್ಟದ್ದು ಕೊನೆಯ ಕ್ವಾರ್ಟರ್‌ನಲ್ಲಿ, ಎರಡು ಅಂಕಗಳ ಅಂತರವಿದ್ದಾಗ. ಸೀಟಿ ಊದಿದ ರಭಸಕ್ಕೆ ನನಗೇ ಕಿವಿ ಗುಂಯ್‌ಗುಟ್ಟಿತು. ಎರಡೂ ಅಂಗೈ ಸೇರಿಸಿ 'ಟಿ' ಆಕಾರ ಮಾಡಿದೆ. ಬೆರಳ ತುದಿಗಳು ನಡುಗುವುದು ನನಗೆ ಕಾಣುತ್ತಿತ್ತು. ಸ್ಕೋರರ್ ಮೇಜಿನ ಮುಂದೆ ನಿಂತು ಯಾರ ಮೇಲೆ ಫೌಲ್ ಎಂದು ಹೇಳುವುದೇ ಮರೆತುಹೋಯಿತು, ಮೇಜಿನ ಹುಡುಗಿ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ನನಗಿಂತ ಹಿರಿಯ ಜೊತೆಗಾರ ಬಂದು ನನ್ನ ಮತ್ತು ಕೋಚ್‌ನ ನಡುವೆ ನಿಂತು, ನನ್ನ ಕಡೆ ನೋಡದೆಯೇ, 'ನೀನು ಆ ಕಡೆ ಹೋಗು' ಎಂದ. ಅಂದು ಕಲಿತದ್ದನ್ನೇ ಇಂದಿಗೂ ಪಾಲಿಸುತ್ತೇನೆ. ಸೀಟಿ ಎಂದಿನಷ್ಟೇ ಜೋರು, ಸಂಜ್ಞೆ ಎದೆಯ ಮಟ್ಟದಲ್ಲಿ, ಮೇಜಿಗೆ ಮೂರೇ ಪದಗಳ ವರದಿ, ಆ ಮೇಲೆ ಬೆಂಚ್‌ನಿಂದ ದೂರದ ಬದಿಗೆ. ಕೋಚ್ ಹತ್ತಿರ ಹೋಗಬೇಕಿದ್ದರೆ ಫೌಲ್ ಕೊಡದ ರೆಫರಿ ಹೋಗಲಿ. ಮುಖ್ಯವಾಗಿ, ನಗಬೇಡಿ. ಹೆದರಿಕೆಗೂ ನಗು ಬರುತ್ತದೆ. ಬೆಂಚ್‌ಗೆ ಅದು ಅಣಕದಂತೆ ಕಾಣುತ್ತದೆ.

ಪಂದ್ಯ ಮುಗಿದ ಮೇಲೆ ಕೈಕುಲುಕಲು ಕೋಚ್‌ನನ್ನು ಹುಡುಕಿಕೊಂಡು ಹೋಗಬೇಡಿ, ಅವರಾಗಿ ಬಂದರೆ ಕುಲುಕಿ. ಮೂವರೂ ಒಟ್ಟಿಗೇ ಹೊರಡಿ. ದೂರು ಕೊಡುತ್ತೇನೆ ಎಂದು ಯಾರಾದರೂ ಕೂಗಿದರೆ ವಾದಿಸದೆ ದಾರಿ ತೋರಿಸಿ: ಪ್ರತಿಭಟನೆ ಸಲ್ಲಿಸಬೇಕಾದರೆ ಪಂದ್ಯ ಮುಗಿದ 15 ನಿಮಿಷದೊಳಗೆ ನಾಯಕ ಸ್ಕೋರ್‌ಶೀಟಿಗೆ ಸಹಿ ಹಾಕಬೇಕು.

ಕೋಚ್‌ನನ್ನು ಹೊರಹಾಕಿದ್ದರೆ ಅದೇ ರಾತ್ರಿ ವರದಿ ಬರೆಯಿರಿ. ನಾನು ಮೊದಲ ಸಲ 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದು ಬರೆದು ಕೊಟ್ಟಿದ್ದೆ. ವಿಚಾರಣೆಗೆ ಕರೆದವರು, 'ಯಾವ ಶಬ್ದ?' ಎಂದು ಕೇಳಿದರು. ಹತ್ತು ದಿನ ಕಳೆದಿತ್ತು, ಶಬ್ದ ಮರೆತುಹೋಗಿತ್ತು. ಈಗ ಕ್ವಾರ್ಟರ್, ಗಡಿಯಾರದಲ್ಲಿ ಉಳಿದಿದ್ದ ಸಮಯ, ಆಡಿದ ಮಾತು, ಮೂರನ್ನೂ ಡ್ರೆಸಿಂಗ್ ಕೋಣೆಯಲ್ಲೇ ಬೂಟು ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳುತ್ತೇನೆ. ಮಾತನ್ನು ಇದ್ದದ್ದು ಇದ್ದಂತೆಯೇ ಬರೆಯುತ್ತೇನೆ, ಎಷ್ಟೇ ಹೊಲಸಾಗಿರಲಿ.