ಪುಲಿಕಾಟ್ ದಡದಿಂದ ರಾಕೆಟ್ ಗೆರೆ: ಒಂದೇ ಫ್ರೇಮ್, ಸ್ಟ್ಯಾಕಿಂಗ್ ಇಲ್ಲ

ಬೇಕಿದ್ದ ಫೋಟೊ ಕೊನೆಗೂ ಬಂತು. ಶ್ರೀಹರಿಕೋಟಾದಿಂದ ಹಾರಿದ ಇಸ್ರೋ ರಾಕೆಟ್ ಪಿಎಸ್‌ಎಲ್‌ವಿ-ಸಿ60, 2024ರ ಡಿಸೆಂಬರ್ 30, ರಾತ್ರಿ 10 ಗಂಟೆ. ನೆಲದ ಬೆಂಕಿಯಿಂದ ಮೊದಲ ಹಂತ ಆರುವವರೆಗಿನ ಇಡೀ ಗೆರೆ, ಕೆಳಗೆ ನೀರಿನಲ್ಲಿ ಅದರ ಬಿಂಬ, ಎಲ್ಲಾ ಒಂದೇ ಎಕ್ಸ್‌ಪೋಷರ್. "ಬುಡ ಬೆಳಕು ಜಾಸ್ತಿಯಾಗಿ ಬೆಳ್ಳಗೆ ಸುಟ್ಟೇ ಹೋಗುತ್ತೆ, ಸುಮ್ನೆ ಐದೈದು ಸೆಕೆಂಡಿನ ಫ್ರೇಮ್ ತೆಗೆದು ಆಮೇಲೆ ಜೋಡಿಸು" ಅಂದ ಗೆಳೆಯರೇ ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ. ಹೇಳುತ್ತೇನೆ, ಆದರೆ ಎಲ್ಲಾ ಅಲ್ಲ.

ಕೆಲಸ ಆಂಧ್ರದ ಶ್ರೀಸಿಟಿಯಲ್ಲಿ, ಮನೆ ಶ್ರೀಹರಿಕೋಟಾ ಪಕ್ಕದ ಸುಳ್ಳೂರುಪೇಟೆಯಲ್ಲಿ. ಉಡಾವಣೆ ಮುಂದಕ್ಕೆ ಹೋದರೆ ಬೆಂಗಳೂರಿನಿಂದ ಬಂದವರಿಗೆ ರಜೆ, ಪೆಟ್ರೋಲ್ ಎರಡೂ ದಂಡ. ನನಗೆ ಬೈಕಿನಲ್ಲಿ ಅರ್ಧ ಗಂಟೆ, ಅಷ್ಟೆ. ಉಡಾವಣೆ ನೋಡಲು ಇಸ್ರೋ 2019ರಲ್ಲಿ ಶುರು ಮಾಡಿದ ಗ್ಯಾಲರಿ ಚೆನ್ನಾಗಿದೆ, ಆದರೆ ನನಗೆ ಮುಂದೆ ಪುಲಿಕಾಟ್ ಸರೋವರದ ನೀರು ಬೇಕು. ಅದೂ ಹಿಂಗಾರು ಮಳೆ ಮುಗಿದ ಮೇಲೆ. ಬೇಸಿಗೆಯಲ್ಲಿ ಈ ಕಡೆ ಜಾಸ್ತಿ ಕೆಸರೇ.

ದೊಡ್ಡ ಪೆಟ್ಟು ಬಿದ್ದಿದ್ದು 2022ರ ಅಕ್ಟೋಬರ್ 23ಕ್ಕೆ, ಮಧ್ಯರಾತ್ರಿ 12:07ರ ಎಲ್‌ವಿಎಂ3, ಇಸ್ರೋದ ಅತಿ ದೊಡ್ಡ ರಾಕೆಟ್. ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್/8 (ಈ ಸಂಖ್ಯೆ ಹೆಚ್ಚಿದಷ್ಟೂ ಒಳಗೆ ಬರುವ ಬೆಳಕು ಕಮ್ಮಿ). ಪಕ್ಕದ ಎರಡು ದೊಡ್ಡ ಎಸ್200 ಬೂಸ್ಟರ್ ಹೊತ್ತಿಕೊಂಡಿದ್ದೇ ತಡ, ಚಿತ್ರದ ಕೆಳಭಾಗ ಸುಣ್ಣ ಬಳಿದ ಗೋಡೆ. ಬಾಡಿಗೆಗೆ ತಂದ ಲೆನ್ಸಿನೊಳಗೆ ಫಂಗಸ್ ಬೇರೆ. ದಿನಕ್ಕೆ ಏಳೆಂಟು ನೂರು ಕೊಟ್ಟಿದ್ದೆ. ಆಮೇಲೆ ಬಾಡಿಗೆ ಬಿಟ್ಟು ಹಳೇ ಕ್ರಾಪ್ ಬಾಡಿ (ಚಿಕ್ಕ ಸೆನ್ಸರಿನ ಕ್ಯಾಮೆರಾ), ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್, ಟ್ರೈಪಾಡ್ ಎಲ್ಲಾ ಸೇರಿ ಸುಮಾರು 27 ಸಾವಿರಕ್ಕೆ ಕೊಂಡೆ. ಸಿ60 ಬಂದಿದ್ದು ಅದರಲ್ಲೇ. ಲಕ್ಷದ ಲೆನ್ಸ್ ಇಟ್ಟುಕೊಂಡವರು ದಯವಿಟ್ಟು ಗಮನಿಸಿ!

ಕೆಲಸ ಮಾಡಿದ್ದು ಕಪ್ಪು ರಟ್ಟು. ಎಫ್/11, ಬಲ್ಬ್ ಮೋಡ್ (ನಾವು ಬಿಡುವವರೆಗೂ ಶಟರ್ ತೆರೆದೇ ಇರುತ್ತದೆ), ಸುಮಾರು ಎರಡು ನಿಮಿಷ. ರಾಕೆಟ್ ಮೇಲೇರಿದಂತೆ ರಟ್ಟನ್ನು ಲೆನ್ಸಿನ ಮುಂದೆ ಕೆಳಗಿನಿಂದ ಮೇಲಕ್ಕೆ ಅಲುಗಿಸುತ್ತಾ ತರಬೇಕು, ಒಂದೇ ಕಡೆ ನಿಲ್ಲಿಸಿದರೆ ಗೆರೆ ಕತ್ತರಿಸಿದ ಹಾಗೆ ಅಂಚು ಬೀಳುತ್ತದೆ. ಬುಡದ ಹೊಗೆ ಮುಚ್ಚಿಹೋಗುತ್ತದೆ, ಮೇಲಿನ ಗೆರೆ ಬೆಳೆಯುತ್ತಾ ಇರುತ್ತದೆ. ಎಷ್ಟು ಎಣಿಕೆಗೆ ಶುರು, ಯಾವ ವೇಗ? ಅದು ನನ್ನ ಹತ್ತಿರವೇ ಇರಲಿ. ನಿಲ್ಲುವ ಜಾಗವೂ ಅಷ್ಟೆ.

ಸಿ60 ಸ್ಟ್ರಾಪ್-ಆನ್ (ಪಕ್ಕಕ್ಕೆ ಕಟ್ಟುವ ಬೂಸ್ಟರ್) ಇಲ್ಲದ ಬರೀ ಕೋರ್, ಬೆಳಕು ಕಮ್ಮಿ. ಆರು ಸ್ಟ್ರಾಪ್-ಆನ್ ಇರುವ ಪಿಎಸ್‌ಎಲ್‌ವಿ ಎಕ್ಸ್‌ಎಲ್ ಆದರೆ ಎಫ್/14 ಇಡಿ. ಅವತ್ತು ಎಳ್ಳಮಾವಾಸ್ಯೆ ಬೇರೆ, ಆಕಾಶ ಕಡುಗಪ್ಪು. ಊರಲ್ಲಿ ಎಲ್ಲರೂ ಹೊಲದಲ್ಲಿ ಸಜ್ಜೆ ರೊಟ್ಟಿ ಉಂಡು ಮಲಗಿದ್ದರು, ನಾನಿಲ್ಲಿ ಸೊಳ್ಳೆಗೆ ಊಟವಾಗಿದ್ದೆ. ಇನ್ನೊಂದು ಮಾತು, ಪಿಎಸ್‌ಎಲ್‌ವಿ ನಮ್ಮ ಕಡೆಯಿಂದ ಬಲಕ್ಕೆ ಬಾಗುತ್ತದೆ, ಬಲಗಡೆ ಜಾಗ ಬಿಡಿ. ಇಸ್ರೋದ ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿ ನಮಗೆ ಬೆನ್ನು ಮಾಡಿ ಪೂರ್ವಕ್ಕೆ ಹೋಗುವುದರಿಂದ ಕ್ಯಾಮೆರಾ ಉದ್ದುದ್ದಕ್ಕೆ (ಪೋರ್ಟ್ರೇಟ್) ಹಿಡಿಯಿರಿ.

ಎಸಿ ರೂಮಿನಿಂದ ನೇರ ಕ್ಯಾಮೆರಾ ತಂದರೆ ಇಲ್ಲಿನ ತೇವಕ್ಕೆ ಗಾಜು ಮಂಜಾಗುತ್ತದೆ. ಗಂಟೆ ಮುಂಚೆಯೇ ಬ್ಯಾಗಿನಲ್ಲಿ ಹೊರಗಿಡಿ. ಫೋಕಸ್ ದೂರದ ದೀಪಕ್ಕೆ ಮಾಡಿ ಟೇಪ್ ಹಚ್ಚಿ.

ಮಧ್ಯೆ ಒಂದು ಹುಚ್ಚಾಟ. ಫೋನ್ ವಿಡಿಯೊ ನೋಡಿ ಬೆಳಕಿಗೂ ಸದ್ದಿಗೂ ನಡುವಿನ ಅಂತರ ಎಣಿಸಿದೆ, 46-47 ಸೆಕೆಂಡ್. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್, ಅದರಿಂದ ಗುಣಿಸಿದರೆ ಸುಮಾರು 16 ಕಿಲೋಮೀಟರ್, ಮ್ಯಾಪಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಹಗಲಲ್ಲಿ 300 ಎಂಎಂ ಹಾಕಿಯೂ ನೋಡಿದೆ. ನೀರಿನ ಮೇಲಿನ ಬಿಸಿಗಾಳಿಗೆ ಎಲ್ಲಾ ನಡುಗುತ್ತದೆ, ದುಡ್ಡು ದಂಡ.

ಈಗ ಎಲ್‌ವಿಎಂ3ಗಾಗಿ 1,800 ಕೊಟ್ಟು ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನು ಎಂಟನೇ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು) ತಂದಿಟ್ಟಿದ್ದೇನೆ. ರಾತ್ರಿ ಉಡಾವಣೆ ಒಂದು ಸಿಗಲಿ.