ಮಲಗುವ ಕೋಣೆಯಲ್ಲಿ ಕದ್ದು ಕೇಳುವ ಮೈಕ್: ಹುಡುಕುವುದು ಹೇಗೆ, ಸಿಕ್ಕರೆ ಏನು ಮಾಡಬೇಕು

ಗುಪ್ತ ಕ್ಯಾಮೆರಾ ಹುಡುಕುವ ಉಪಾಯಗಳು ಮೈಕ್ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಕ್ಯಾಮೆರಾಗೆ ಕೋಣೆ ಕಾಣಬೇಕು, ಟಾರ್ಚ್ ಬಿಟ್ಟರೆ ಅದರ ಲೆನ್ಸ್ ಮಿನುಗುತ್ತದೆ. ಮೈಕ್ ಮಂಚದ ಕೆಳಗಿದ್ದರೂ ಪರದೆಯ ಹಿಂದಿದ್ದರೂ ಕೇಳಿಸಿಕೊಳ್ಳುತ್ತದೆ. ಸೂಜಿ ತೂರುವಷ್ಟು ತೂತು ಮತ್ತು ಕರೆಂಟು ಇದ್ದರೆ ಅದಕ್ಕೆ ಸಾಕು. ಹಾಗಾಗಿ ಹುಡುಕಾಟ ಕರೆಂಟಿನಿಂದಲೇ ಶುರುವಾಗಬೇಕು.

ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಒಂದು, ಸುಮ್ಮನೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವುದು: ಪೆನ್ ಡ್ರೈವ್, ಪವರ್ ಬ್ಯಾಂಕ್, ಚಾರ್ಜರ್ ರೂಪದ ರೆಕಾರ್ಡರ್, ಇಲ್ಲವೇ ಬೀರುವಿನ ಮೇಲೆ ಬಿಟ್ಟ ಹಳೇ ಫೋನ್. ಇನ್ನೊಂದು, ಸಿಮ್ ಹಾಕಿದ ಪುಟ್ಟ ಪೆಟ್ಟಿಗೆ. ಹೊರಗಿನಿಂದ ಅದರ ನಂಬರಿಗೆ ಕರೆ ಮಾಡಿದರೆ ರಿಂಗ್ ಆಗದೆ ತಾನೇ ಎತ್ತಿಕೊಂಡು ಕೋಣೆಯ ಮಾತು ಕೇಳಿಸುತ್ತದೆ.

ಮೊದಲನೆಯದರಲ್ಲಿ ಮೆಮೊರಿ ತುಂಬಿ ನಿಂತುಹೋಗಿರುತ್ತದೆ ಎಂದು ನಂಬಿ ಕೂರಬೇಡಿ. 128 ಕೆಬಿಪಿಎಸ್ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 58 ಎಂಬಿ. 32 ಜಿಬಿ ಕಾರ್ಡಿನಲ್ಲಿ 500 ಗಂಟೆಗೂ ಹೆಚ್ಚು ಹಿಡಿಸುತ್ತದೆ. ಮೊದಲು ಮುಗಿಯುವುದು ಬ್ಯಾಟರಿ. ಆದ್ದರಿಂದ ಬಹುಕಾಲ ಇರಬೇಕಾದ ಸಾಧನವನ್ನು ಪ್ಲಗ್ಗಿಗೆ ಚುಚ್ಚಿದ ವಸ್ತುವಿನೊಳಗೆ ಇಡುತ್ತಾರೆ. ಬ್ಯಾಟರಿಯದ್ದಾದರೆ ಇಟ್ಟವರು ಚಾರ್ಜ್ ಮಾಡಲು ಮತ್ತೆ ಬರಲೇಬೇಕು. ಕೋಣೆಗೆ ಆಗಾಗ ನೆಪ ಹೇಳಿ ಬರುವವರು ಯಾರು, ಬೀಗದ ಕೈ ಯಾರ ಬಳಿ ಇದೆ ಎಂಬ ಯೋಚನೆ ದುಬಾರಿ ಡಿಟೆಕ್ಟರಿಗಿಂತ ಹೆಚ್ಚು ನೆರವಾಗುತ್ತದೆ.

ಅನುಮಾನವನ್ನು ಆ ಕೋಣೆಯಲ್ಲಿ ಬಾಯಿಬಿಟ್ಟು ಆಡಬೇಡಿ. ಕೇಳಿಸಿಕೊಂಡವರು ಮೊದಲು ಬಂದು ಅದನ್ನು ಎತ್ತಿಕೊಂಡು ಹೋಗುತ್ತಾರೆ. ಹಗಲಲ್ಲಿ, ಯಾವಾಗಲೂ ಇರುವಷ್ಟೇ ಸದ್ದಿನ ನಡುವೆ ಹುಡುಕಿ. ಎಕ್ಸ್‌ಟೆನ್ಷನ್ ಬೋರ್ಡು, ಮಲ್ಟಿಪ್ಲಗ್, ಸೊಳ್ಳೆ ಮೆಷಿನ್, ಚಾರ್ಜರ್, ಟೇಬಲ್ ಗಡಿಯಾರ, ರಾತ್ರಿ ದೀಪ ಎಲ್ಲವನ್ನೂ ಒಂದೊಂದಾಗಿ ನೋಡಿ. ಏನನ್ನೂ ಜೋಡಿಸದ ಚಾರ್ಜರ್ ಅರ್ಧ ಗಂಟೆಯ ನಂತರವೂ ಬೆಚ್ಚಗಿದ್ದರೆ ಒಳಗೆ ಏನೋ ಓಡುತ್ತಿರಬಹುದು. ಅದೇ ಮಾದರಿಯ ಇನ್ನೊಂದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿ. ಕಂಪನಿಯ ಅಚ್ಚಿಲ್ಲದ ತೂತು, ಜೋಡಣೆಯ ಸಾಲಿನಲ್ಲಿ ಅಂಟಿನ ಗುರುತು, ಹಾಳಾದ ಸ್ಕ್ರೂ ತಲೆ ಇವನ್ನು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಸಾಮಾನ್ಯ ಚಾರ್ಜರಿನಲ್ಲಿ ಸಿಮ್ ಅಥವಾ ಮೆಮೊರಿ ಕಾರ್ಡಿನ ಸೀಳಿರುವುದಿಲ್ಲ, ಇದ್ದರೆ ಬಲವಾಗಿ ಅನುಮಾನಿಸಿ.

ಸ್ವಿಚ್ ಬೋರ್ಡ್ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಖಚಿತಪಡಿಸಿಕೊಳ್ಳಿ. ಗೊತ್ತಿಲ್ಲದಿದ್ದರೆ ನಂಬುಗೆಯ ಎಲೆಕ್ಟ್ರಿಷಿಯನ್ ಕರೆಸಿ. ಒಳಗೆ ಸ್ವಿಚ್ಚಿಗೂ ಸಾಕೆಟ್ಟಿಗೂ ಸೇರದ ಪುಟ್ಟ ಸರ್ಕ್ಯೂಟ್, ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕವಲೊಡೆದ ತೆಳು ವೈರು ಇದೆಯೇ ನೋಡಿ. ಎಲ್ಲ ಆಫ್ ಮಾಡಿ ಮೀಟರಿನ ದೀಪ ಮಿಟುಕುವುದನ್ನು ನೋಡಿದರೆ ಪತ್ತೆಯಾಗುತ್ತದೆ ಎಂಬ ಮಾತಿದೆ, ನಂಬಬೇಡಿ. ಯೂನಿಟ್ಟಿಗೆ 3200 ಬಾರಿ ಮಿಟುಕುವ ಮೀಟರಿನಲ್ಲೂ 1 ವ್ಯಾಟಿನ ಸಾಧನ ಒಂದು ಮಿಟುಕು ಹುಟ್ಟಿಸಲು ಸುಮಾರು 19 ನಿಮಿಷ ಬೇಕು, ಅದೂ ಅಷ್ಟು ಸಣ್ಣ ಹೊರೆಯನ್ನು ಮೀಟರ್ ಲೆಕ್ಕಕ್ಕೆ ಹಿಡಿದರೆ.

ಇನ್ನು ಆರ್‌ಎಫ್ ಡಿಟೆಕ್ಟರ್. ಅದು ಹಿಡಿಯುವುದು ರೇಡಿಯೋ ತರಂಗವನ್ನು ಮಾತ್ರ. ಸುಮ್ಮನೆ ರೆಕಾರ್ಡ್ ಮಾಡುವ ಸಾಧನ (ಫೋನ್ ಆದರೆ ಏರೋಪ್ಲೇನ್ ಮೋಡಿನಲ್ಲಿದ್ದಾಗ) ಅಂಥ ಸಂಕೇತ ಕಳುಹಿಸುವುದಿಲ್ಲ, ಹಾಗಾಗಿ ಡಿಟೆಕ್ಟರ್ ಮೌನವಾಗಿದ್ದ ಮಾತ್ರಕ್ಕೆ ಕೋಣೆ ಸುರಕ್ಷಿತವಲ್ಲ. ಸಿಮ್ ಪೆಟ್ಟಿಗೆಯೂ ಕರೆಯಿಲ್ಲದಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಅದನ್ನು ಎಬ್ಬಿಸಲು ದಾರಿಯಿದೆ: ಹಲವು ಮಾದರಿಗಳು ಸದ್ದು ಕೇಳಿದೊಡನೆ ತಮ್ಮ ಯಜಮಾನನಿಗೆ ತಾವೇ ಕರೆ ಮಾಡುತ್ತವೆ. ಮನೆಯ ಫೋನುಗಳನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ರೂಟರ್ ಆಫ್ ಮಾಡಿ, ಟಿವಿಯನ್ನು ಹತ್ತು ನಿಮಿಷ ಓಡಿಸಿ. ಡಿಟೆಕ್ಟರಿನ ಸೂಕ್ಷ್ಮತೆಯನ್ನು ಹಿನ್ನೆಲೆಯ ಬೀಪ್ ಆಗಷ್ಟೇ ನಿಲ್ಲುವವರೆಗೆ ಇಳಿಸಿ, ಗೋಡೆ ಮತ್ತು ಪೀಠೋಪಕರಣದಿಂದ ಒಂದು ಗೇಣಿಗಿಂತ ಹತ್ತಿರ ಹಿಡಿದು, ಒಂದೊಂದು ಜಾಗದಲ್ಲಿ ನಾಲ್ಕೈದು ಸೆಕೆಂಡು ನಿಲ್ಲಿಸುತ್ತ ಸಾಗಿ. ಅದಕ್ಕೂ ಮೊದಲು ನಿಮ್ಮದೇ ಫೋನಿನಿಂದ ಕರೆ ಮಾಡಿ ಡಿಟೆಕ್ಟರ್ ಹೇಗೆ ಕೂಗುತ್ತದೆ ಎಂದು ಕೇಳಿಟ್ಟುಕೊಳ್ಳಿ. 2ಜಿ ಪೆಟ್ಟಿಗೆಯಾದರೆ ಹಳೇ ರೇಡಿಯೋ ಅಥವಾ ಸ್ಪೀಕರ್ ಹತ್ತಿರ ತಂದಾಗ ಟಿಟ್-ಟಿಟ್-ಟಿಟ್ ಎಂಬ ಗೊರಗೊರವೂ ಬರಬಹುದು.

ಗಂಡ-ಹೆಂಡತಿ, ಪ್ರೇಮಿಗಳ ನಡುವಿನ ಪ್ರಕರಣದಲ್ಲಿ ಪೆಟ್ಟಿಗೆಯೇ ಬೇಕಿಲ್ಲ, ನಿಮ್ಮ ಫೋನೇ ಮೈಕ್ ಆಗಬಹುದು. ಆಂಡ್ರಾಯ್ಡ್ 12 ಮತ್ತು ನಂತರದ ಆವೃತ್ತಿಯಲ್ಲಿ ಮೈಕ್ ಬಳಕೆಯಾದಾಗ ಮೇಲಿನ ಮೂಲೆಯಲ್ಲಿ ಹಸಿರು ಗುರುತು, ಐಫೋನಿನಲ್ಲಿ ಐಒಎಸ್ 14ರಿಂದ ಕಿತ್ತಳೆ ಚುಕ್ಕೆ ಕಾಣುತ್ತದೆ. ಆಂಡ್ರಾಯ್ಡಿನ ಪ್ರೈವೆಸಿ ಡ್ಯಾಶ್‌ಬೋರ್ಡಿನಲ್ಲಿ ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಮೈಕ್ ಮುಟ್ಟಿತು ಎಂಬುದು ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ, ಆ್ಯಪ್‌ಗಳಿಗೆ ಫೋನಿನ ಮೇಲೆ ಹೆಚ್ಚಿನ ಹಿಡಿತ ಕೊಡುವ ಆಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರಿದ್ದರೆ, ಕೆಟ್ಟ ಆ್ಯಪ್‌ಗಳನ್ನು ಹುಡುಕುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ತಾನಾಗಿ ಆಫ್ ಆಗಿದ್ದರೆ ಅನುಮಾನಿಸಿ. ಅಲೆಕ್ಸಾ ಸ್ಪೀಕರ್ ಇದ್ದರೆ ಡ್ರಾಪ್ ಇನ್ (ಯಾರೂ ಎತ್ತದಿದ್ದರೂ ತಾನೇ ಸೇರಿಕೊಳ್ಳುವ ಕರೆ) ಅನುಮತಿ ಯಾರಿಗಿದೆ ನೋಡಿ. ಆದರೆ ಆ್ಯಪ್ ಕಿತ್ತುಹಾಕಿದರೆ ಅತ್ತ ಕಡೆಯವರಿಗೆ ತಿಳಿದುಬಿಡುತ್ತದೆ. ಆ ವ್ಯಕ್ತಿ ಕೈಮಾಡುವವರಾದರೆ, ಮೊದಲು ಬೇರೆಯವರ ಫೋನಿನಿಂದ ಸಹಾಯ ಕೇಳಿ, ಸುರಕ್ಷಿತ ಜಾಗ ಸೇರಿ. ಮಹಿಳಾ ಸಹಾಯವಾಣಿ 181.

ಏನಾದರೂ ಸಿಕ್ಕರೆ ಮುಟ್ಟದೆ, ಅದಿರುವ ಜಾಗ ಸಮೇತ ದೂರದಿಂದ ಮತ್ತು ಹತ್ತಿರದಿಂದ ಫೋಟೋ ತೆಗೆಯಿರಿ. ಹೊರಗೆ ಬಂದು 112ಕ್ಕೆ ಕರೆ ಮಾಡಿ. ಪೊಲೀಸರು ಮಹಜರು ಮಾಡಿ ಅವರೇ ವಶಪಡಿಸಿಕೊಳ್ಳುವುದು ಒಳ್ಳೆಯದು. ಜನ ಎಡವುವುದು ಇಲ್ಲೇ: ಸಿಮ್ ತೆಗೆದು ನೋಡುತ್ತಾರೆ, ಕಾರ್ಡನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿ ಕೇಳುತ್ತಾರೆ. ಸಿಮ್ ನಂಬರಿನಿಂದಲೇ ಯಾರು ಕರೆ ಮಾಡುತ್ತಿದ್ದರು ಎಂಬ ದಾಖಲೆ ಹೊರಬರುವುದು. ಕಾರ್ಡ್ ತೆರೆದರೆ ಕಡತಗಳ ಸಮಯ ಬದಲಾಗಿ, ಆಮೇಲೆ ಕೈಯಾಡಿಸಿದ್ದಾರೆ ಎಂಬ ವಾದಕ್ಕೆ ಎಡೆಯಾಗುತ್ತದೆ. ಕರ್ನಾಟಕದಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ದೂರು ಕೊಡಬಹುದು. ಬೇರೆ ಯಾವ ಠಾಣೆಯಾದರೂ ಝೀರೋ ಎಫ್‌ಐಆರ್ (ಘಟನೆ ತನ್ನ ವ್ಯಾಪ್ತಿಯಲ್ಲಿ ನಡೆಯದಿದ್ದರೂ ಬರೆದುಕೊಳ್ಳುವ ಎಫ್‌ಐಆರ್) ದಾಖಲಿಸಬೇಕು.

ದೂರಿನಲ್ಲಿ ಕಲಂಗಳನ್ನು ನೋಡಿ ಬರೆಸಿ. ವಾಯರಿಸಂ (ಹೆಣ್ಣಿನ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು) ಕುರಿತ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 77 ನೋಡುವುದು ಮತ್ತು ಚಿತ್ರ ಸೆರೆಹಿಡಿಯುವುದರ ಬಗ್ಗೆ ಹೇಳುತ್ತದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಕೂಡ ಚಿತ್ರದ್ದೇ. ಬರೀ ಧ್ವನಿ ಇವೆರಡರಲ್ಲೂ ಸಲೀಸಾಗಿ ಕೂರುವುದಿಲ್ಲ. ಈ ಎರಡು ಕಲಂಗಳನ್ನೇ ನಂಬಿದ ದೂರು ಬಿದ್ದುಹೋಗಬಹುದು. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಉದ್ದೇಶದಿಂದ ಅವಳ ಖಾಸಗಿತನದೊಳಗೆ ನುಗ್ಗುವುದನ್ನು ಹೇಳುವ ಕಲಂ 79 ಇಲ್ಲಿ ಹೆಚ್ಚು ಹೊಂದುತ್ತದೆ. ಫೋನ್ ಮೇಲೆ ಕಣ್ಣಿಟ್ಟಿದ್ದರೆ 78, ಹಣಕ್ಕಾಗಿ ಬೆದರಿಸಿದ್ದರೆ 308, ಅಶ್ಲೀಲ ಧ್ವನಿಯನ್ನು ಆನ್‌ಲೈನಿನಲ್ಲಿ ಹಂಚಿದ್ದರೆ ಐಟಿ ಕಾಯ್ದೆಯ 67 ಅಥವಾ 67ಎ ಸೇರಿಸಬಹುದೇ ಎಂದು ವಕೀಲರನ್ನು ಕೇಳಿ. ಗಂಡಸರ ದೂರಿಗೆ 77, 78, 79 ಸಿಗುವುದಿಲ್ಲ. ಅವರಿಗೆ ಉಳಿಯುವುದು ಅತಿಕ್ರಮ ಪ್ರವೇಶದ 329, ಬೆದರಿಕೆಯ 351, ಸುಲಿಗೆಯ 308 ಇಂಥವು.

ಸಂಗಾತಿಯೇ ಮಾಡಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ. 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ, ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ ದಂಪತಿಯ ಫೋನ್ ಮಾತುಕತೆಯನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿದೆ. ಇದನ್ನು ಹಿಡಿದು ಗಂಡನಿಗೆ ಹಕ್ಕಿದೆ ಎಂದು ಠಾಣೆಯಲ್ಲಿ ದೂರು ತಳ್ಳಿಹಾಕಲು ನೋಡಬಹುದು. ಅಲ್ಲಿ ತೀರ್ಮಾನವಾದದ್ದು ಸಾಕ್ಷ್ಯದ ಪ್ರಶ್ನೆ, ಮಲಗುವ ಕೋಣೆಯಲ್ಲಿ ಮೈಕ್ ಬಚ್ಚಿಡಲು ಪರವಾನಗಿ ಅಲ್ಲ. ಠಾಣೆಯಲ್ಲಿ ಕೇಳದಿದ್ದರೆ ಹೆಂಡತಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ರಕ್ಷಣಾ ಆದೇಶ ಕೇಳಬಹುದು.