ಮೊಡವೆ ಎಷ್ಟಿವೆ ಅಂತ ಎಣಿಸುತ್ತಿದ್ದೆ, ಎಷ್ಟು ಆಳ ಅಂತ ನೋಡಲಿಲ್ಲ

ಹದಿನಾರನೇ ವಯಸ್ಸಿನಲ್ಲಿ ನನ್ನ ಹಣೆ ತುಂಬ ಸಣ್ಣ ಗುಳ್ಳೆಗಳಿದ್ದವು. ಕೆಂಪಿಲ್ಲ, ನೋವಿಲ್ಲ. ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. "ವಯಸ್ಸಿಂದು ಕಣೇ, ತಾನೇ ಹೋಗುತ್ತೆ" ಅಂತಿದ್ದರು ಅಮ್ಮ. ದಿನಾ ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತಿದ್ದೆ, ಅದು ಹಣೆಗೆ ಇಳಿಯುತ್ತಿತ್ತು. ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಮಾತ್ರ ಎಣ್ಣೆ ಹಚ್ಚತೊಡಗಿದೆ. ಅರ್ಧಕ್ಕರ್ಧ ಕಡಿಮೆಯಾಯಿತು.

ಇಪ್ಪತ್ತೊಂದಕ್ಕೆ ದವಡೆಯ ಹತ್ತಿರ ಬೇರೆ ಥರದ್ದು ಶುರುವಾಯಿತು. ಒಟ್ಟು ಐದಾರೇ ಇದ್ದವು. ಹಣೆ ತುಂಬ ಇದ್ದಾಗಲೇ ಹೋದವಲ್ಲ, ಇವು ಯಾವ ಲೆಕ್ಕ ಅಂದುಕೊಂಡೆ. ಆದರೆ ಇವಕ್ಕೆ ಬಾಯಿಯೇ ಇರಲಿಲ್ಲ. ಚರ್ಮದ ಕೆಳಗೆ ಅವರೆಕಾಳಿನಷ್ಟು ಗಟ್ಟಿ ಗಂಟು. ಆ ಕಡೆ ಮಗ್ಗುಲಾಗಿ ಮಲಗಿದರೆ ಎಚ್ಚರವಾಗುವಷ್ಟು ನೋವು.

ಆಗಲೇ ನಾನು ದೊಡ್ಡ ತಪ್ಪು ಮಾಡಿದ್ದು. ಗೆಳತಿ ಹೇಳಿದ ಕ್ರೀಮನ್ನು ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡೆ. ವಾರದಲ್ಲಿ ಮುಖ ತಿಳಿಯಾಗಿ ಬೆಳ್ಳಗಾಯಿತು. ಎರಡು ದಿನ ಬಿಟ್ಟರೆ ಉರಿ, ಕೆಂಪು, ಮೊದಲಿಗಿಂತ ಜಾಸ್ತಿ ಗುಳ್ಳೆ. ಮತ್ತೆ ಹಚ್ಚಿದೆ. ಹೀಗೆ ಮೂರು ತಿಂಗಳು. ಅದರಲ್ಲಿ ಸ್ಟೆರಾಯ್ಡ್ ಇತ್ತು.

ಚರ್ಮದ ಡಾಕ್ಟರು ಮೊದಲು ಆ ಟ್ಯೂಬ್ ಕೇಳಿ ನೋಡಿದರು. ಆಮೇಲೆ ನನ್ನ ದವಡೆ ಮೇಲೆ ಮೆಲ್ಲಗೆ ಬೆರಳಾಡಿಸಿ, "ಎಷ್ಟಿವೆ ಅನ್ನೋದೊಂದೇ ಅಲ್ಲಮ್ಮಾ, ಎಷ್ಟು ಆಳಕ್ಕಿವೆ, ಕಲೆ ಬೀಳ್ತಿದೆಯಾ ಅನ್ನೋದನ್ನೂ ನೋಡಬೇಕು" ಅಂದರು. ಬ್ಲ್ಯಾಕ್‌ಹೆಡ್, ವೈಟ್‌ಹೆಡ್, ಅಲ್ಲೊಂದು ಇಲ್ಲೊಂದು ಕೆಂಪು ಗುಳ್ಳೆ ಇದ್ದರೆ ಸೌಮ್ಯ. ಕೆಂಪು, ಕೀವಿನ ಗುಳ್ಳೆಗಳು ಹರಡಿದ್ದರೆ ಮಧ್ಯಮ. ಗಂಟು ಕಟ್ಟಿ ಗುಳಿ ಬೀಳುತ್ತಿದ್ದರೆ ತೀವ್ರ. ನಂದು ಮೂರನೆಯದು. ಮೇಲೆ ಹಚ್ಚುವ ಜೆಲ್ ಒಂದರಿಂದಲೇ ಅಷ್ಟು ಆಳದ ಗಂಟು ಕರಗುವುದಿಲ್ಲ.

ಸ್ಟೆರಾಯ್ಡ್ ಬಿಡಿಸಿ, ರಕ್ತ ಪರೀಕ್ಷೆ ಮಾಡಿಸಿ, ಐಸೊಟ್ರೆಟಿನಾಯಿನ್ ಮಾತ್ರೆ ಬರೆದರು. ಊಟದ ಜೊತೆಗೇ ತಗೋಬೇಕು. ಬಸುರಿಯಾದರೆ ಮಗುವಿಗೆ ತೀರಾ ಅಪಾಯ, ಮಾತ್ರೆ ನಿಲ್ಲಿಸಿ ಒಂದು ತಿಂಗಳಾದರೂ ಕಳೆಯುವವರೆಗೆ ಗರ್ಭ ನಿಲ್ಲಲೇಬಾರದು ಅಂತ ಎರಡು ಸಲ ಹೇಳಿದರು. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು, ಬ್ಯಾಗಿನಲ್ಲಿ ಸದಾ ವ್ಯಾಸಲೀನ್ ಡಬ್ಬಿ. ಏಳು ತಿಂಗಳಿಗೆ ಗಂಟುಗಳು ನಿಂತವು. ಎಡ ದವಡೆಯ ಮೂರು ಗುಳಿ ಮಾತ್ರ ಹಾಗೇ ಇವೆ.

ಹೋದ ವರ್ಷ ತಮ್ಮನಿಗೆ ಶುರುವಾಯಿತು. ಎರಡೂ ಕೆನ್ನೆ ಕೆಂಪು, ನಡುನಡುವೆ ಕೀವಿನ ತುದಿ. ನೋಡುವುದಕ್ಕೆ ನನಗಿಂತ ಜಾಸ್ತಿ. "ಅಕ್ಕಾ, ನಿನ್ನ ಮಾತ್ರೇನೇ ನಂಗೂ ಕೊಡು" ಅಂದ. ಬೆರಳಿಟ್ಟು ನೋಡಿದೆ, ಗಂಟಿರಲಿಲ್ಲ. ಮಾತ್ರೆ ಕೊಡಲಿಲ್ಲ, ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೆಳಗ್ಗೆ ಶೇ. 2.5ರ ಬೆಂಜಾಯ್ಲ್ ಪೆರಾಕ್ಸೈಡ್, ರಾತ್ರಿ ಶೇ. 0.1ರ ಅಡಾಪಲೀನ್ ಜೆಲ್ ಬರೆದರು. ಅಡಾಪಲೀನ್ ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಗುಳ್ಳೆಗಳ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಪೂರ್ತಿ ಸವರಬೇಕು. ಹೊಸ ಗುಳ್ಳೆ ಏಳದಂತೆ ತಡೆಯುವುದೇ ಅದರ ಮುಖ್ಯ ಕೆಲಸ. ಉರಿ ಬಂದಾಗ ದಿನ ಬಿಟ್ಟು ದಿನ ಹಚ್ಚಿಸಿದೆ, ಮೇಲೆ ಮಾಯಿಶ್ಚರೈಸರ್. ಬೆಂಜಾಯ್ಲ್ ತಾಗಿ ಅಮ್ಮನ ನೀಲಿ ಟವೆಲ್ ಅಲ್ಲಲ್ಲಿ ಬೆಳ್ಳಗಾಯಿತು. ಆಮೇಲೆ ಅವನಿಗೊಂದು ಬಿಳಿ ಟವೆಲ್ ತಂದಿಟ್ಟೆ.

ಐದನೇ ವಾರ ಬಿಟ್ಟೇಬಿಡುತ್ತೇನೆ ಅಂತ ಕೂತ. ವಾರ ವಾರ ಒಂದೇ ಕಿಟಕಿ ಬಳಿ ಫೋಟೋ ತೆಗೆದಿಟ್ಟಿದ್ದೆ, ಎದುರಿಗಿಟ್ಟು ತೋರಿಸಿದೆ. ಹನ್ನೆರಡನೇ ವಾರಕ್ಕೆ ಹೊಸದು ಏಳುವುದು ಹೆಚ್ಚುಕಡಿಮೆ ನಿಂತಿತ್ತು. ಈಗಲೂ ಡಾಕ್ಟರು ಹೇಳಿದಂತೆ ರಾತ್ರಿ ಅಡಾಪಲೀನ್ ಹಚ್ಚುತ್ತಾನೆ, ನಾನು ನೆನಪಿಸದೆಯೇ.